ಕಾನ್ಸಲರ ಮಕ್ಕಳ ಸಾಲಿಯಲ್ಲಿ ನನ್ನ ಸಣ್ಣ ದನಿ

ಏಳು ದೇಶಗಳ ಹನ್ನೊಂದು ಮಕ್ಕಳು, ಸ್ಕಾಟ್ಲಂಡಿನಿಂದ ಬಂದ ಹೆಡ್‌ಬಾಯಾರು ಅಂದರೆ ಮುಖ್ಯೋಪಾಧ್ಯಾಯಿನಿ, ಹೆಬ್ಬಳ್ಳಿಯಿಂದ ಬಂದ ಅಡಿಗೆಯ ಕಾಕೂ, ಹುಬ್ಬಳ್ಳಿಯ ಕೇಶ್ವಾಪುರದಿಂದ ದಿನಾ ರೈಲು ಗಾಡಿ ಹತ್ತಿ ಬರುವ ನಾನು. ಇಷ್ಟು ಜನರನ್ನು ಧಾರವಾಡದ ಒಂದು ಹಂಚಿನ ಬಂಗಲೆಯಲ್ಲಿ ಕೂಡಿಸಿಟ್ಟರೆ ವಾರಕ್ಕೊಂದಾದರೂ ಏನಾದರೂ ನಡೆದೇ ನಡೆಯುತ್ತದೆ. ನಡೆದದ್ದನ್ನು ಸಂಜೆಯ ಗಾಡಿಯಲ್ಲಿ ನೆನೆಸಿಕೊಂಡು, ಕಿಟಕಿಯ ಕಡೆ ಮುಖ ಮಾಡಿ ನಾನು ಒಬ್ಬಳೇ ನಗುತ್ತಿದ್ದೆ. ಒಂದು ದಿನ ಎದುರಿಗೆ ಕೂತಿದ್ದ ಅಜ್ಜಿ ತನ್ನ ಗಂಟು ಎತ್ತಿಕೊಂಡು ಮುಂದಿನ ಬೆಂಚಿಗೆ ಹೋಗಿ ಕೂತಳು.

ಧಾರವಾಡ ಮುಂಬೈ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಆಗ ಐದಾರು ವರ್ಷವಾಗಿತ್ತು. ಆದರೆ ಮುಂಬೈಯ ಜನ ಧಾರವಾಡದ ಹವಾ ಮರೆತಿರಲಿಲ್ಲ. ಅಲ್ಲಿ ಪರದೇಶದ ಸರಕಾರಗಳ ಪರವಾಗಿ ಕಚೇರಿ ನಡೆಸುವ ಕಾನ್ಸಲರು ಇದ್ದರಲ್ಲ, ಅವರ ಮಕ್ಕಳಿಗೆ ಮುಂಬೈಯ ಸೆಕೆ ತಡೆಯಲು ಆಗುತ್ತಿರಲಿಲ್ಲ. ನಾಲ್ಕಾರು ಕಾನ್ಸಲರು ಕೂಡಿ ಇಲ್ಲಿ ಒಂದು ಸಣ್ಣ ವಸತಿ ಶಾಲೆ ತೆರೆದರು. ಫಲಕದ ಮೇಲೆ 'ಇಂಟರ್‌ನ್ಯಾಷನಲ್ ಸ್ಕೂಲ್' ಎಂದಿತ್ತು. ಊರವರು 'ಬಿಳೇ ಮಕ್ಕಳ ಸಾಲಿ' ಅನ್ನುತ್ತಿದ್ದರು. ಹನ್ನೊಂದರಲ್ಲಿ ನಾಲ್ಕು ಮಕ್ಕಳು ನನಗಿಂತ ಕಪ್ಪಗಿದ್ದವು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಸಂದರ್ಶನ

ಪರದೇಶದ ಹೆಡ್‌ಬಾಯಾರು ಅಂದಮೇಲೆ ಇಂಗ್ಲಿಷಿನಲ್ಲೇ ಕೇಳುತ್ತಾರೆ ಎಂದು ಹದಿನೈದು ದಿನ ಕನ್ನಡಿಯ ಮುಂದೆ ನಿಂತು ತಯಾರಿ ಮಾಡಿದ್ದೆ. ಕಾನ್ವೆಂಟಿನಲ್ಲಿ ಕಲಿತವಳು. ಇಂಗ್ಲಿಷಿಗೆ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ದನಿಗೆ. ಚಿಕ್ಕಂದಿನಿಂದ ನನ್ನ ಮಾತು ನನ್ನ ತುಟಿ ದಾಟಿ ಎರಡು ಮೊಳ ಹೋಗಿ ಅಲ್ಲೇ ಬಿದ್ದುಬಿಡುತ್ತಿತ್ತು.

ಹೆಡ್‌ಬಾಯಾರು ಮೂವತ್ತು ವರ್ಷ ಈ ಸೀಮೆಯ ಹಳ್ಳಿ ತಿರುಗಿದವರು. ಕೆಂಪು ಮುಖ, ಬಿಳಿ ಕೂದಲು, ಕಾಲಲ್ಲಿ ನಮ್ಮೂರಿನದೇ ಚಪ್ಪಲಿ. ನಾನು ಒಳಗೆ ಕಾಲಿಟ್ಟ ಕೂಡಲೇ, "ಬರ್ರಿ, ಕುಂದರ್ರಿ. ಬಿಸಲಾಗ ಬಂದೀರಿ. ಚಾ ಕುಡೀತೀರೇನು?" ಅಂದರು.

ನಾನು ತಯಾರಿ ಮಾಡಿಕೊಂಡಿದ್ದ ಇಂಗ್ಲಿಷಿನಲ್ಲಿ ಉಪಕಾರ ಸ್ಮರಣೆ ಮಾಡಿದೆ.

"ಏನಂದ್ರಿ?"

ಮತ್ತೆ ಇಂಗ್ಲಿಷಿನಲ್ಲೇ ಹೇಳಿದೆ.

"ನನ್ನ ಕಿವಿ ಛಲೋ ಅದಾವ. ಮೊನ್ನಿ ಡಾಕ್ಟರ್ ನೋಡ್ಯಾರ. ನಿಮ್ಮ ದನೀನ ಬರವಲ್ದು," ಅಂದರು.

ಅರ್ಧ ತಾಸು ಹೀಗೇ ನಡೆಯಿತು. ಅವರು ಹೆಬ್ಬಳ್ಳಿಯ ಕನ್ನಡದಲ್ಲಿ ಕೇಳುವುದು, ನಾನು ಕಾನ್ವೆಂಟಿನ ಇಂಗ್ಲಿಷಿನಲ್ಲಿ ಪಿಸುಗುಡುವುದು. ಕೊನೆಗೆ ಪಡಸಾಲೆಯ ಆ ತುದಿಗೆ ನನ್ನನ್ನು ನಿಲ್ಲಿಸಿ, ತಾವು ಈ ತುದಿಗೆ ಕೂತು, ಪುಸ್ತಕ ಓದಲು ಹೇಳಿದರು. ಓದಿದೆ. ನಡುವೆ ಕಂಬದ ಮೇಲಿದ್ದ ಗುಬ್ಬಿ ಕೂಡ ಹಾರಲಿಲ್ಲ.

"ನಿಮ್ಮ ಇಂಗ್ಲಿಷ್ ಛಲೋ ಇರಬೇಕು," ಅಂದರು ಹೆಡ್‌ಬಾಯಾರು. "ನನಗ ಏನೂ ಕೇಳಿಸಲಿಲ್ಲ. ಸಣ್ಣ ಮಕ್ಕಳಿಗೆ ಇಂಗ್ಲಿಷ್ ಮಾತು ಕಲಸ್ರಿ. ಒಂದು ವರ್ಷ ನೋಡೂಣು. ಮಾರ್ಚಿನ್ಯಾಗ ಪಾಲಕರ ಸಮಿತಿ ಬರತೈತಿ. ಅಧ್ಯಕ್ಷರು ಕಡೀ ಬೆಂಚಿನ ಮ್ಯಾಲ ಕುಂದರತಾರ. ನಿಮ್ಮ ಮಾತು ಅವರಿಗೆ ಕೇಳಿಸ್ತಂದ್ರ ಕಾಯಂ. ಇಲ್ಲಂದ್ರ ಇಲ್ಲ."

ಮನೆಯಲ್ಲಿ ಅಪ್ಪ, ರೈಲ್ವೆ ಕಚೇರಿಯ ಗುಮಾಸ್ತ, ಅದಕ್ಕೆ ತನ್ನದೊಂದು ಸೇರಿಸಿದ್ದ: "ಕಾಯಂ ಆದ್ರ ಹೋಗು. ಇಲ್ಲಂದ್ರ ಏಪ್ರಿಲ್‌ದಿಂದ ಮನ್ಯಾಗ ಇರು. ಹೆಣ್ಣುಹುಡುಗಿ ದಿನಾ ಒಬ್ಬಾಕಿನ ಗಾಡ್ಯಾಗ ಅಡ್ಡಾಡೂದು ಒಂದು ವರ್ಷಕ್ಕ ಸಾಕು." ಆ ಗಾಡಿಯ ಒಂದು ತಾಸು, ಯಾರೂ ಕೈ ಹಿಡಿಯದ, ಯಾರೂ ಕರೆಯದ ಆ ಒಂದು ತಾಸು ನನಗೆ ಎಷ್ಟು ಬೇಕಾಗಿತ್ತು ಎಂದು ಅಪ್ಪನಿಗೆ ಹೇಳಿದ್ದೆ. ಅವನಿಗೂ ಕೇಳಿಸಿರಲಿಲ್ಲ.

ಸಂದರ್ಶನ ಮುಗಿಯುವ ಹೊತ್ತಿಗೆ ಕಾಕೂ ಚಹಾದ ಕಪ್ಪು ತೆಗೆದುಕೊಂಡು ಹೋಗಲು ಬಂದಳು. ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು ಅಂತ ಕಾಣುತ್ತದೆ.

"ಪಾಪ, ಇವರಿಗೆ ಕನ್ನಡ ಬರೂದಿಲ್ಲೇನ್ರಿ ಬಾಯಾರ?" ಎಂದು ಹೆಡ್‌ಬಾಯಾರನ್ನು ಕೇಳಿದಳು. "ಯಾವ ದೇಶದವರು?"

"ಕೇಶ್ವಾಪುರದವರು," ಅಂದರು ಹೆಡ್‌ಬಾಯಾರು.

ಬಗ್ಗಿ ಕೂತ ಮಕ್ಕಳು

ನನ್ನ ವರ್ಗದಲ್ಲಿ ಏಳು ಮಕ್ಕಳು. ಮೊದಲ ದಿನ ನಾನು ಶುಭೋದಯ ಹೇಳಿದ್ದು ಅವಕ್ಕೆ ತಿಳಿಯಲೇ ಇಲ್ಲ. ನಾನು ಇನ್ನೂ ಬಂದಿಲ್ಲವೆಂದು ಆಡುತ್ತ ಕೂತಿದ್ದವು. ನಾನು ಮೇಜಿನ ಪಕ್ಕದಲ್ಲೇ ನಿಂತಿದ್ದೆ. ಒಂದು ವಾರದ ಮೇಲೆ ಒಂದು ಹುಡುಗಿ ಬೆಂಚಿನ ಮೇಲೆ ಮೊಳಕೈ ಊರಿ, ಕುತ್ತಿಗೆ ಚಾಚಿ, ಮುಂದಕ್ಕೆ ಬಗ್ಗಿ ಕೂತಳು. ಅವಳಿಗೆ ನನ್ನ ಮಾತು ಕೇಳಿಸುತ್ತಿದೆ ಎಂದು ಗೊತ್ತಾದ ಮೇಲೆ ಉಳಿದವೂ ಬಗ್ಗಿದವು. ಹೀಗೆ ಕಲಿಸುವುದು ಸುಸೂತ್ರವಾಗಿ ಸಾಗಿತು. ಕಿಸುಕ್ಕೆಂದರೆ ಮಾತು ತಪ್ಪಿಹೋಗುತ್ತದೆ ಎಂದು ಮಕ್ಕಳು ಉಸಿರು ಬಿಗಿಹಿಡಿದು ಕೂಡುತ್ತಿದ್ದವು.

ಆಗಸ್ಟಿನಲ್ಲಿ ಶಿಕ್ಷಣ ಖಾತೆಯ ಒಬ್ಬ ದೊಡ್ಡ ಅಧಿಕಾರಿ ಶಾಲೆ ನೋಡಲು ಬಂದರು. ಬಾಗಿಲಲ್ಲಿ ನಿಂತರು. ಏಳು ಮಕ್ಕಳೂ ಮುಂದಕ್ಕೆ ಬಗ್ಗಿ, ಕಣ್ಣು ಮಿಟುಕಿಸದೆ, ನನ್ನ ಬಾಯನ್ನೇ ನೋಡುತ್ತಿದ್ದವು. ಹೊರಗೆ ಹುಣಸೆ ಎಲೆ ಉದುರಿದರೂ ಕೇಳುವಷ್ಟು ಶಾಂತಿ.

"ಇಪ್ಪತ್ತು ವರ್ಷದಾಗ ಇಂಥಾ ಲಕ್ಷ್ಯ ನಾ ಯಾವ ಸಾಲ್ಯಾಗೂ ಕಂಡಿಲ್ಲ," ಅಂದರು ಅಧಿಕಾರಿಗಳು. "ಇದು ಯಾವ ದೇಶದ ಪದ್ಧತಿರಿ?"

ಹೆಡ್‌ಬಾಯಾರು ಸುಳ್ಳು ಹೇಳುವವರಲ್ಲ. "ಇದು ಇವರದ ಸ್ವಂತ ಪದ್ಧತಿ," ಅಂದರು. ಅಧಿಕಾರಿಗಳು ವಹಿ ತೆಗೆದು ಬರೆದುಕೊಂಡರು.

ಅವರ ಮೋಟಾರು ಗೇಟು ದಾಟಿದ ಮೇಲೆ ಹೆಡ್‌ಬಾಯಾರು ನನ್ನ ಕಡೆ ತಿರುಗಿದರು. ನಾನು ಹೊಗಳಿಕೆಗಾಗಿ ತಲೆ ತಗ್ಗಿಸಿ ನಿಂತೆ.

"ಭಾಳ ಖುಷಿ ಆಗಬ್ಯಾಡ್ರಿ," ಅಂದರು. "ಮಾರ್ಚಿನ್ಯಾಗ ಬರೂ ಅಧ್ಯಕ್ಷರು ಬಗ್ಗೂ ಪೈಕಿ ಅಲ್ಲ. ಅವರಿಗೆ ನಡ ನೋವು ಐತಿ."

ಖಣದ ಧ್ವಜ

ಅಕ್ಟೋಬರಿನಲ್ಲಿ ಎಲ್ಲ ದೇಶಗಳ ಧ್ವಜ ಏರಿಸುವ ಸಮಾರಂಭ. ಧ್ವಜ ಹೊಲಿಸುವ ಕೆಲಸ ನನ್ನ ಪಾಲಿಗೆ ಬಂತು. ಭೂಗೋಳದ ಪುಸ್ತಕದಲ್ಲಿದ್ದ ಬಣ್ಣದ ಚಿತ್ರ ಹಿಡಿದುಕೊಂಡು ಪ್ಯಾಟಿಯ ಒಬ್ಬ ದರ್ಜಿಯ ಹತ್ತಿರ ಹೋದೆ. ಧಾರವಾಡದ ಅರ್ಧ ಹೆಣ್ಣುಮಕ್ಕಳ ಕುಪ್ಪಸದ ಅಳತೆ ಅವನ ತಲೆಯಲ್ಲಿತ್ತು. ಧ್ವಜ ಅವನು ಅಲ್ಲಿಯತನಕ ಹೊಲಿದಿರಲಿಲ್ಲ.

ಚಿತ್ರ ನೋಡಿದ. "ಯಾರಿಗ್ರಿ ಇವು?"

"ಕಂಬಕ್ಕೆ," ಅಂದೆ.

"ಕಂಬದ ಅಳತಿ ತಂದೀರೇನು?"

ಧ್ವಜಕ್ಕೆ ಕಂಬದ ಅಳತೆ ಬೇಡವೆಂದು ಹೇಳಿದೆ. ಚಿತ್ರದಲ್ಲಿ ಇದ್ದದ್ದು ಇದ್ದ ಹಾಗೇ ಇರಬೇಕು, ಒಂದು ಗೆರೆ ಹೆಚ್ಚುಕಡಿಮೆ ಆಗಬಾರದು ಎಂದೂ ಹೇಳಿದೆ. ಅದೇ ಹೊತ್ತಿಗೆ ಅವನು ಹೊಲಿಗೆ ಮಿಷನ್ನು ತುಳಿಯತೊಡಗಿದ. ಮಿಷನ್ನಿನ ಸಪ್ಪಳದ ಮುಂದೆ ನನ್ನ ಎರಡನೆಯ ಮಾತು ನಿಲ್ಲಲಿಲ್ಲ.

ಸಮಾರಂಭದ ಮುಂಜಾನೆ ಗಂಟು ಬಿಚ್ಚಿದರೆ ಆರು ಧ್ವಜ ಸರಿಯಾಗಿದ್ದವು. ಏಳನೆಯದು ಪಾಲಕರ ಸಮಿತಿಯ ಅಧ್ಯಕ್ಷರಾಗಿದ್ದ ಕಾನ್ಸಲರ ದೇಶದ್ದು, ಯುರೋಪಿನ ಒಂದು ಸಣ್ಣ ದೇಶ. ಅದರಲ್ಲಿ ಕೆಂಪು ಬಣ್ಣ ಇರಬೇಕಾದ ಜಾಗದಲ್ಲಿ ಗುಳೇದಗುಡ್ಡದ ಖಣದ, ಅಂದರೆ ಕುಪ್ಪಸದ, ಅರಿವೆ ಇತ್ತು. ಕೆಂಪೇನೋ ಕೆಂಪೇ. ಮೈತುಂಬ ಸಣ್ಣ ಸಣ್ಣ ಬುಟ್ಟಾ, ಅಂಚಿಗೆ ಹಳದಿ ದಡಿ.

ದರ್ಜಿ ತಾನೇ ಧ್ವಜ ಕೊಡಲು ಬಂದಿದ್ದ. "ಬರೇ ಕೆಂಪು ಅರಿವಿ ಭಣಭಣ ಕಾಣಾಕತ್ತಿತ್ತರಿ," ಅಂದ. "ದೇಶ ಅಂದಮ್ಯಾಲ ಒಂದು ದಡಿ ಬ್ಯಾಡೇನು?"

ಬದಲಿಸಲು ಹೊತ್ತಿರಲಿಲ್ಲ. ಅಧ್ಯಕ್ಷರು ಹೆಂಡತಿಯ ಸಂಗಡ ಮುಂಬೈಯಿಂದ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಉದ್ದನೆಯ, ಬೂದು ಕಣ್ಣಿನ, ಮಾತು ಕಡಿಮೆಯ ಮನುಷ್ಯ. ಖಣದ ಧ್ವಜ ಕಂಬ ಏರಿತು. ಗಾಳಿ ಬಂತು. ಬುಟ್ಟಾ ಎಲ್ಲ ಥಳಥಳ ಹೊಳೆದವು. ಅಧ್ಯಕ್ಷರು ನಡ ನೋವಿದ್ದರೂ ಕೋಲಿನ ಹಾಗೆ ನೆಟ್ಟಗೆ ನಿಂತು, ಕಣ್ಣು ಕಿರಿದು ಮಾಡಿ, ಬಹಳ ಹೊತ್ತು ಮೇಲೆ ನೋಡಿದರು. ಮಾರ್ಚಿನ ತನಕ ಹೋಗುವುದೇ ಬೇಡ, ನನ್ನ ನೌಕರಿ ಇವತ್ತೇ ಮುಗಿಯಿತು ಎಂದು ನಾನು ಗೋಡೆಗೆ ಒತ್ತಿ ನಿಂತೆ.

ಸಮಾರಂಭ ಮುಗಿದ ಮೇಲೆ ಅವರ ಹೆಂಡತಿ ನೇರವಾಗಿ ನನ್ನ ಹತ್ತಿರ ಬಂದರು. ದರ್ಜಿಯ ಅಂಗಡಿ ಎಲ್ಲಿದೆ ಎಂದು ಕೇಳಿದರು.

ಮುಂದಿನ ಸಲ ಬಂದಾಗ ಅದೇ ಖಣದ ತುಂಬುತೋಳಿನ ಜಾಕೀಟು ಹಾಕಿಕೊಂಡಿದ್ದರು. ಅವರು ಕೋಣೆಯೊಳಗೆ ಬಂದ ಕೂಡಲೇ, ಕುರ್ಚಿಯಲ್ಲಿ ಪೇಪರು ಓದುತ್ತ ಕೂತಿದ್ದ ಅವರ ಗಂಡ ಎದ್ದು ನೆಟ್ಟಗೆ ನಿಂತುಬಿಟ್ಟರು.

ಹಿತ್ತಾಳಿ ಡಬ್ಬಿ

ಡಿಸೆಂಬರಿನಲ್ಲಿ ಅಧ್ಯಕ್ಷರ ಸಣ್ಣ ಮಗನಿಗೆ ಗೋವರ, ಅಂದರೆ ದಡಾರ, ಎದ್ದಿತು. ತಾಯಿ ಮೂರು ವಾರ ಶಾಲೆಯ ಅತಿಥಿ ಕೋಣೆಯಲ್ಲೇ ಉಳಿದರು. ಎದುರು ಮನೆಯಲ್ಲಿ ಒಬ್ಬ ವಕೀಲರ ಸಂಸಾರ. ಪರದೇಶದ ಹೆಣ್ಣುಮಗಳು ಕೂಸಿನ ಸಂಗಡ ಒಬ್ಬಾಕೀನೇ ಇದ್ದಾಳೆ ಎಂದು ವಕೀಲರ ಹೆಂಡತಿ ಹಿತ್ತಾಳಿಯ ಡಬ್ಬಿಯಲ್ಲಿ ಚಕ್ಕಲಿ ಕಳಿಸಿದರು.

ಕಾನ್ಸಲರ ಹೆಂಡತಿ ಡಬ್ಬಿಯನ್ನು ತೊಳೆದು, ಒರೆಸಿ, ನನ್ನ ಕೈಗೆ ಕೊಟ್ಟರು. ಹೆಡ್‌ಬಾಯಾರು ತಡೆದು, ಈ ಕಡೆಯಲ್ಲಿ ಡಬ್ಬಿಯನ್ನು ಬರಿದಾಗಿ ಮರಳಿಸುವ ಪದ್ಧತಿ ಇಲ್ಲ ಎಂದು ತಿಳಿಸಿ ಹೇಳಿದರು. ಕಾನ್ಸಲರ ಹೆಂಡತಿಯ ಮುಖ ಗಂಭೀರವಾಯಿತು. ಇಂಥ ವಿಷಯದಲ್ಲಿ ತಪ್ಪಿದರೆ ದೇಶದೇಶಗಳ ನಡುವೆ ಏನಾಗುತ್ತದೆ ಎಂದು ಅವರು ಕಂಡವರು. ಡಬ್ಬಿಯ ತುಂಬ ತಮ್ಮ ದೇಶದ ಬಿಸ್ಕೀಟು ಹಾಕಿ ಕಳಿಸಿದರು.

ಈಗ ಡಬ್ಬಿ ತುಂಬಿ ಬಂದಿತ್ತು. ಬಿಸ್ಕೀಟು ತೆಗೆದುಕೊಂಡು ಸುಮ್ಮನೆ ಕೂಡಲು ವಕೀಲರ ಹೆಂಡತಿಯ ಮನಸ್ಸು ಒಪ್ಪಲಿಲ್ಲ. ಮರುದಿನ ಅದರಲ್ಲಿ ಬೇಸನ್ ಉಂಡಿ ಬಂದವು. ಅದರ ಮರುದಿನ ಈ ಕಡೆಯಿಂದ ಚೀಸು ಹೋಯಿತು. ಆ ಕಡೆಯಿಂದ ಕರ್ಚೀಕಾಯಿ. ಈ ಕಡೆಯಿಂದ ಒಣದ್ರಾಕ್ಷಿಯ ಕೇಕು, ಹಿತ್ತಾಳಿಯದರಲ್ಲಿ ಹಿಡಿಸಿದಷ್ಟು, ಉಳಿದದ್ದು ಅವರದೇ ತಗಡಿನ ಡಬ್ಬಿಯಲ್ಲಿ. ಡಬ್ಬಿ ಹೊತ್ತು ರಸ್ತೆ ದಾಟುವವಳು ನಾನು. ಎರಡೂ ಕಡೆಯ ದುಃಖ ನನಗೇ ಗೊತ್ತು.

"ಏನ್ ಹೆಂಗಸವಾ ಇಕಿ, ಬಿಡವಲ್ಲಳಲ್ಲ," ಎಂದು ವಕೀಲರ ಹೆಂಡತಿ ಹಿಟ್ಟಿನ ಕೈಯಲ್ಲೇ ಹಣೆ ಒರೆಸಿಕೊಂಡರು. "ಮುಂಜಾನೆದ್ದು ಮಕ್ಕಳಿಗೆ ನ್ಯಾರಿ ಮಾಡೂದ ಬಿಟ್ಟು ನಾ ಇಕಿಗೆ ಶಂಕರಪಾಳಿ ಕರೀಲಿಕ್ಕತ್ತೇನಿ."

ಈ ಕಡೆ ಕಾನ್ಸಲರ ಹೆಂಡತಿ ಬರಿದಾದ ತಮ್ಮ ಪೆಟ್ಟಿಗೆ ತೋರಿಸಿ, ಇವರು ಯಾವಾಗ ನಿಲ್ಲಿಸುತ್ತಾರೆ ಎಂದು ಇಂಗ್ಲಿಷಿನಲ್ಲಿ ನನ್ನನ್ನು ಕೇಳಿದರು. ಮುಂಬೈಗೆ ತಂತಿ ಹೋಯಿತು. ಮೂರನೆಯ ದಿನ ಸರಕಾರಿ ಮೊಹರು ಒತ್ತಿದ ಚೀಲದಲ್ಲಿ ಚಾಕಲೇಟು ಬಂದವು. ನೀವು ನಿಲ್ಲಿಸಿರಿ ಎಂದು ನಾನು ಇಬ್ಬರಿಗೂ ಹೇಳಿ ನೋಡಿದೆ. ಇಬ್ಬರಿಗೂ ಕೇಳಿಸಲಿಲ್ಲ.

ಕಡೆಗೆ ಕಾಕೂ ಮಧ್ಯೆ ಬಂದಳು. ಶಂಕರಪಾಳಿಯನ್ನು ಒಂದು ತಾಟಿಗೆ ಸುರುವಿ, ಡಬ್ಬಿಯನ್ನು ಒಳಗೆ ಒಯ್ದು, ಅದರ ತುಂಬ ಅಡಿಗೆಯ ಉಪ್ಪು ತುಂಬಿ ಗೋಡೆಯ ಗೂಡಿನಲ್ಲಿ ಇಟ್ಟಳು. "ಇದು ಇನ್ನ ಸಾಲಿ ಉಪ್ಪಿನ ಡಬ್ಬಿ. ಬರಿದಾಗೂದು ಮುಂದಿನ ವರ್ಷ. ಆಗ ನೋಡೂಣು," ಅಂದಳು.

ಎರಡು ದಿನ ರಸ್ತೆ ಶಾಂತವಾಗಿತ್ತು. ಮೂರನೆಯ ದಿನ ನಾನು ಗೇಟು ತೆಗೆಯುವಾಗ ವಕೀಲರ ಹೆಂಡತಿ ದಾರಿ ಕಾಯುತ್ತ ನಿಂತಿದ್ದರು.

"ನಮ್ಮ ಡಬ್ಬಿ ಹೋದ್ರ ಹೋಗಲಿರಿ," ಅಂದರು. "ಖರೇ, ಅವರ ಕೇಕಿನ ಡಬ್ಬಿ ನಮ್ಮ ಮನ್ಯಾಗ ಉಳದದ. ಬರೇದ ಹೆಂಗ ಕೊಡ್ಲಿ?"

ಎರಡು ದೇಶ

ಜನವರಿಯಲ್ಲಿ ಒಂದು ಕಾಗದ ಬಂತು. ನಮ್ಮಲ್ಲಿ ಒಂದೇ ಬೆಂಚಿನ ಮೇಲೆ ಕೂಡುವ ಇಬ್ಬರು ಹುಡುಗರಿದ್ದರು, ಎಂಟೆಂಟು ವರ್ಷದವರು. ಅವರ ಎರಡು ದೇಶಗಳ ಸರಕಾರಗಳು ಜಗಳಾಡಿ ಮಾತು ಬಿಟ್ಟಿದ್ದವು. ಆದ್ದರಿಂದ ಇನ್ನು ಮುಂದೆ ಇಬ್ಬರನ್ನೂ ವರ್ಗದಲ್ಲಿ, ಊಟದಲ್ಲಿ ದೂರದೂರ ಕೂಡಿಸಬೇಕೆಂದು ಒಬ್ಬನ ತಂದೆ ಬರೆದಿದ್ದರು.

ವರ್ಗದಲ್ಲಿ ಬೆಂಚು ಬದಲಿಸಿದೆ. ಊಟದ ಮನೆಯಲ್ಲಿ ಕಾಕೂ ಒಪ್ಪಲಿಲ್ಲ. "ನಿಮ್ಮ ಏಳು ದೇಶ ನನಗ ತಿಳಿಯೂದಿಲ್ಲ," ಅಂದಳು. "ನನಗ ಗೊತ್ತಿರೂದು ಎರಡ. ರೊಟ್ಟಿ ತಿನ್ನೂ ದೇಶ ಈ ಕಡೆ, ಅನ್ನ ತಿನ್ನೂ ದೇಶ ಆ ಕಡೆ. ಇಬ್ಬರೂ ರೊಟ್ಟಿಯವರು. ಇಲ್ಲೇ ಕುಂದರತಾರ." ಕೂತರು. ಒಂದೇ ಬಟ್ಟಲಿನ ಶೇಂಗಾ ಚಟ್ನಿಗೆ ಇಬ್ಬರೂ ಕೈ ಹಾಕಿದರು.

ಫೆಬ್ರುವರಿಯ ಕೊನೆಗೆ ಅದೇ ತಂದೆಯಿಂದ ಎರಡನೆಯ ಕಾಗದ. ಎರಡೂ ಸರಕಾರಗಳು ಮತ್ತೆ ಒಂದಾಗಿವೆ, ಮಕ್ಕಳನ್ನು ತಪ್ಪದೆ ಒಟ್ಟಿಗೆ ಕೂಡಿಸಿ, ಇಬ್ಬರೂ ಜೊತೆಗಿರುವ ಒಂದು ಫೋಟೋ ಕಳಿಸಬೇಕು ಎಂದಿತ್ತು. ಅಷ್ಟರಲ್ಲಿ ಇಬ್ಬರೂ ಒಂದು ಗೋಟಿಯ, ಆಡುವ ಗೋಲಿಯ, ಸಲುವಾಗಿ ಜಗಳಾಡಿ ಮಾತು ಬಿಟ್ಟಿದ್ದರು. ಹೆಡ್‌ಬಾಯಾರು ಕಾಗದ ಓದಿ ಹೇಳಿದರು. ಸರಕಾರದ ಅಪ್ಪಣೆ ಎಂದರು.

ಕಾಗದ ಬರೆದವರ ಮಗನೇ ಎದ್ದು ನಿಂತ. ಇಂಗ್ಲಿಷಿಗಿಂತ ಮೊದಲು ಕಾಕೂನ ಅಡಿಗೆಮನೆಯಲ್ಲಿ ಕನ್ನಡ ಕಲಿತವನು.

"ಸರಕಾರಕ್ಕ ಹೇಳ್ರಿ," ಅಂದ. "ಅಂವಾ ನನ್ನ ಗೋಟಿ ಕೊಡೂತನಕ ಇದು ಆಗೂದಿಲ್ಲ."

ಅಧ್ಯಕ್ಷರ ಊಟ

ಮಾರ್ಚ್ ಬಂತು. ಅದಕ್ಕೂ ಹದಿನೈದು ದಿನ ಮೊದಲಿನಿಂದ ನಾನು ಹುಬ್ಬಳ್ಳಿಯ ಸ್ಟೇಶನ್ನಿನಲ್ಲಿ ಗೂಡ್ಸ್ ಗಾಡಿ ಹಾದುಹೋಗುವಾಗ ಪ್ಲಾಟ್‌ಫಾರ್ಮಿನ ತುದಿಗೆ ನಿಂತು ಪಾಠ ಒದರಿ ರೂಢಿ ಮಾಡಿಕೊಳ್ಳುತ್ತಿದ್ದೆ. ಗಾಡಿಯ ಸಪ್ಪಳದಲ್ಲಿ ನನ್ನ ದನಿ ಎಷ್ಟು ದೊಡ್ಡದಾಗಿತ್ತೆಂದು ನನಗೂ ತಿಳಿಯಲಿಲ್ಲ, ಗಾಡಿಗೂ ತಿಳಿಯಲಿಲ್ಲ.

ಸಮಿತಿಯ ಮೂವರು ಬಂದರು. ಅಧ್ಯಕ್ಷರು ಕಡೆಯ ಬೆಂಚಿನ ಮೇಲೆ, ಬೆನ್ನು ನೆಟ್ಟಗೆ ಮಾಡಿ ಕೂತರು. ನಾನು ಬಾಯಿ ತೆರೆದೆ. ಒಂದು ವರ್ಷದ ಹಿಂದೆ ಬಂದಿದ್ದ ದನಿಯೇ ಬಂತು. ಅಧ್ಯಕ್ಷರು ಕಿವಿಗೆ ಕೈ ಹಚ್ಚಿದರು. ಮಕ್ಕಳಿಗೆ ಪಾಪ ಅನ್ನಿಸಿರಬೇಕು. ಮುಂದಿನ ಬೆಂಚಿನ ಹುಡುಗಿ ನನ್ನ ಒಂದೊಂದು ವಾಕ್ಯವನ್ನೂ ಕೇಳಿ ಹಿಂದಿನವನಿಗೆ ಹೇಳಿದಳು. ಅವನು ಅವನ ಹಿಂದಿನವನಿಗೆ. ಹಾಗೆ ಪಾಠ ಬಾಯಿಂದ ಬಾಯಿಗೆ ಹಾದು ಅಧ್ಯಕ್ಷರನ್ನು ಮುಟ್ಟಿತು. ಅವರು ವಹಿಯಲ್ಲಿ ಏನೋ ಬರೆದರು. ಒಂದೇ ಸಾಲು. ಹೆಡ್‌ಬಾಯಾರು ಕಿಟಕಿಯಿಂದ ಹೊರಗೆ ನೋಡತೊಡಗಿದರು. ಏಪ್ರಿಲ್‌ನಿಂದ ಮನೆಯಲ್ಲಿ ಎಂದು ನನಗೆ ತಿಳಿದುಹೋಯಿತು.

ಮಧ್ಯಾಹ್ನ ಊಟ. ಕಾಕೂ ಹೋಳಿಗೆ ಮಾಡಿದ್ದಳು. ಉದ್ದನೆಯ ಮೇಜು. ಈ ತುದಿಗೆ ಅಧ್ಯಕ್ಷರು, ಆ ತುದಿಗೆ ಉಳಿದ ಇಬ್ಬರ ಸಂಗಡ ಮಾತಿನಲ್ಲಿ ಮುಳುಗಿದ ಹೆಡ್‌ಬಾಯಾರು. ನಾನು ಮಕ್ಕಳ ಸಾಲಿನ ಕೊನೆಗೆ, ಅಧ್ಯಕ್ಷರಿಂದ ಬಹಳ ದೂರ.

ಇಲ್ಲಿ ಎರಡು ಮಾತು ಹೇಳಬೇಕು. ಮೊದಲನೆಯದು ಕಾಕೂನ ಕಾಯಿದೆ. ಅತಿಥಿಯ ತಾಟು ಬರಿದಾದರೆ ಬಡಿಸುವವರಿಗೆ ಅವಮಾನ. ಬೇಡ ಅಂದರೂ ಬಡಿಸಬೇಕು, ಅದು ಸಂಕೋಚ. ಅತಿಥಿ ತಾಟಿನಲ್ಲಿ ಒಂದು ತುತ್ತು ಬಿಟ್ಟು ಕೈ ಅಡ್ಡ ಹಿಡಿದಾಗಲೇ ಹೊಟ್ಟೆ ತುಂಬಿತು ಅಂತ. ಎರಡನೆಯದು ಅಧ್ಯಕ್ಷರ ಕಾಯಿದೆ. ಗೋವರದ ದಿನಗಳಲ್ಲಿ ಅವರ ಹೆಂಡತಿ ನನಗೆ ಹೇಳಿದ್ದರು. ಅವರ ನೌಕರಿಯಲ್ಲಿ ಮೊದಲ ದಿನವೇ ಕಲಿಸುತ್ತಾರಂತೆ: ಯಾವ ದೇಶದಲ್ಲೇ ಆಗಲಿ, ಬಡಿಸಿದ್ದನ್ನು ಬೇಡ ಅನ್ನಬಾರದು, ತಾಟಿನಲ್ಲಿ ಒಂದು ಅಗುಳೂ ಬಿಡಬಾರದು. ಇಪ್ಪತ್ತು ವರ್ಷದಲ್ಲಿ ಅವರು ಒಮ್ಮೆಯೂ ಬಿಟ್ಟವರಲ್ಲ.

ಮೊದಲ ಹೋಳಿಗೆ ತುಪ್ಪದ ಸಂಗಡ ಬಿತ್ತು. ಅಧ್ಯಕ್ಷರು ಮುಗಿಸಿದರು. ತಾಟು ಬರಿದಾಯಿತು. ಕಾಕೂ ಎರಡನೆಯದು ಹಾಕಿದಳು. ಮುಗಿಸಿದರು. ಮೂರನೆಯದು. ನಾಲ್ಕನೆಯದಕ್ಕೆ ಅವರು ಟೈ ಸಡಿಲಿಸಿದರು. ಐದನೆಯದಕ್ಕೆ ಮಕ್ಕಳು ತಮ್ಮ ಊಟ ಬಿಟ್ಟು ಅವರನ್ನೇ ನೋಡತೊಡಗಿದವು. ಆರನೆಯದಕ್ಕೆ ಸಣ್ಣಗೆ ಎಣಿಕೆ ಶುರುವಾಯಿತು.

"ಪಾಪ, ಎಷ್ಟು ದಿನದ ಹಸಿವೋ ಏನೋ," ಎಂದು ಕಾಕೂ ನನ್ನ ಹಿಂದಿನಿಂದ ಹಾದುಹೋಗುತ್ತ ಅಂದಳು. ಅವಳ ಕಣ್ಣಲ್ಲಿ ನೀರಿತ್ತು. "ಮನ್ಯಾಗ ಯಾರೂ ಮಾಡಿ ಹಾಕೂದಿಲ್ಲಂತ ಕಾಣತೈತಿ. ಅವರ ಹೇಣ್ತಿ ಬರೇ ಬಿಸ್ಕೀಟಿನಾಕಿ."

"ಕಾಕೂ, ಸಾಕು," ಅಂದೆ. ಅವಳು ಅಷ್ಟರಲ್ಲಿ ಮೇಜಿನ ಆ ಕಡೆಗೆ ಹೋಗಿದ್ದಳು.

ಏಳು. ಎಂಟು. ಅಧ್ಯಕ್ಷರ ಹಣೆಯ ಮೇಲೆ ಬೆವರು ಮೂಡಿತು. ಅವರ ಮುಖದ ಬಣ್ಣ ಹೂರಣದ ಬಣ್ಣಕ್ಕೆ ಬಂದಿತ್ತು. ಒಂಬತ್ತನೆಯದನ್ನು ಅವರು ನಾಲ್ಕು ತುಂಡು ಮಾಡಿ, ಒಂದೊಂದನ್ನೂ ಕಣ್ಣು ಮುಚ್ಚಿ ನುಂಗಿದರು. ಕಣ್ಣು ತೆರೆದಾಗ ನನ್ನನ್ನು ನೋಡಿದರು. ಆ ನೋಟ ನನಗೆ ಚಲೋ ಗೊತ್ತಿತ್ತು. ಹೇಳಬೇಕಾದ ಮಾತು ಇದ್ದು, ಬಾಯಿಂದ ಬಾರದವರ ನೋಟ. ಒಂದು ವರ್ಷ ದಿನಾ ಮುಂಜಾನೆ ಕನ್ನಡಿಯಲ್ಲಿ ನೋಡಿದ್ದೆ.

ಇಡೀ ಕೋಣೆಯಲ್ಲಿ ಎರಡೂ ಕಾಯಿದೆ ಗೊತ್ತಿದ್ದವಳು ನಾನೊಬ್ಬಳೇ.

"ಕಾಕೂ, ಸಾಕು," ಎಂದು ಮತ್ತೆ ಅಂದೆ. ಪಕ್ಕದ ಹುಡುಗಿ ಕೂಡ ತಿರುಗಲಿಲ್ಲ.

ಹತ್ತನೆಯದು ಬಿತ್ತು. ಅದರ ಮೇಲೆ ತುಪ್ಪ. ಅಧ್ಯಕ್ಷರ ಕೈ ನಿಧಾನವಾಗಿ ಅದರ ಕಡೆ ಹೋಯಿತು. ಕಾಕೂ ಹನ್ನೊಂದನೆಯದನ್ನು ಹಿಡಿದು ಅಲ್ಲೇ ನಿಂತಿದ್ದಳು.

ನಾನು ಎದ್ದದ್ದು ನನಗೆ ನೆನಪಿಲ್ಲ. ಕುರ್ಚಿ ಹಿಂದಕ್ಕೆ ಬಿದ್ದ ಸಪ್ಪಳ ನೆನಪಿದೆ.

"ಕಾಕೂ, ಸಾಕು. ಹಿಂದಕ್ಕ ಸರಿ. ಅವರ ತಾಟಿಗೆ ಕೈ ಹಚ್ಚಬ್ಯಾಡ."

ಅದೇ ಉಸಿರಿನಲ್ಲಿ ಅಧ್ಯಕ್ಷರ ಕಡೆ ತಿರುಗಿ, ಅದನ್ನು ತಿನ್ನಬೇಡಿ, ಕೆಳಗಿಡಿ, ಈ ಊರಲ್ಲಿ ತಾಟಿನಲ್ಲಿ ಬಿಟ್ಟರೇನೇ ಮರ್ಯಾದೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಹೇಳಿದೆ ಅನ್ನುವುದು ನನ್ನ ಮಾತು. ಎದುರು ಮನೆಯ ವಕೀಲರ ಹೆಂಡತಿ ಏನಾಯಿತೆಂದು ರಸ್ತೆಗೆ ಬಂದಿದ್ದರಂತೆ.

ಅಧ್ಯಕ್ಷರು ಹೋಳಿಗೆಯನ್ನು ತಾಟಿನಲ್ಲಿಟ್ಟು, ಸೋತ ಸೇನಾಪತಿ ಕತ್ತಿ ಕೆಳಗಿಟ್ಟ ಹಾಗೆ ಎರಡೂ ಕೈ ಹಿಂದಕ್ಕೆ ತೆಗೆದುಕೊಂಡರು. ಕಾಕೂ ತುಪ್ಪದ ಚಮಚ ಹಿಡಿದು ನನ್ನನ್ನೇ ನೋಡುತ್ತಿದ್ದಳು.

"ಅಯ್ಯ, ಇವರಿಗೆ ದನಿ ಐತಿ," ಅಂದಳು.

"ಐತಿ," ಅಂದರು ಮೇಜಿನ ಆ ತುದಿಯಿಂದ ಹೆಡ್‌ಬಾಯಾರು. "ಬರಾಕ ಹತ್ತು ಹೋಳಿಗಿ ಬೇಕು."

ಅಧ್ಯಕ್ಷರು ಅತಿಥಿ ಕೋಣೆಯಲ್ಲಿ ನಾಲ್ಕು ಗಂಟೆಯ ತನಕ ಮಲಗಿದ್ದರು. ಸಮಿತಿಯ ಸಭೆ ಅವರ ಮಂಚದ ಸುತ್ತ ನಡೆಯಿತು. ಆಮೇಲೆ ಹೆಡ್‌ಬಾಯಾರು ನನ್ನನ್ನು ಕರೆದು, ಅವರ ವಹಿಯಲ್ಲಿದ್ದದ್ದನ್ನು ಓದಿ, ಕನ್ನಡದಲ್ಲಿ ಹೇಳಿದರು. ಮುಂಜಾನೆಯ ಸಾಲು: 'ಶಿಕ್ಷಕಿಯ ಮಾತು ಕೇಳಿಸಲಿಲ್ಲ.' ಅದರ ಕೆಳಗೆ, ಮಲಗಿಕೊಂಡೇ ಬರೆದ ಡೊಂಕು ಅಕ್ಷರದಲ್ಲಿ: 'ಅವಶ್ಯವಿದ್ದಾಗ ಕೇಳಿಸಿತು. ಕಾಯಂ ಮಾಡಬೇಕು. ನಾನು ಬಂದಾಗಲೆಲ್ಲ ಊಟದಲ್ಲಿ ಇವರು ನನ್ನ ಪಕ್ಕದಲ್ಲೇ ಕೂಡಬೇಕು.'

ಸಂಜೆ ಮನೆಗೆ ಬಂದು ಅಪ್ಪನ ಮುಂದೆ ನಿಂತೆ. ಕಾಯಂ ಆಯಿತು ಎಂದು ಎರಡು ಸಲ ಹೇಳಿದೆ. ಎರಡನೆಯ ಸಲ ಕೇಳಿಸಿತು.

ಅಪ್ಪ ಪೇಪರು ಕೆಳಗಿಟ್ಟ. "ನಿನ್ನ ಇಂಗ್ಲಿಷ್ ಕೇಳಿ ಮೆಚ್ಚಿರಬೇಕು. ಏನು ಮಾತಾಡಿದಿ?"

"ಸಾಕು ಅಂದೆ."

"ಅಷ್ಟ?"

"ಅಷ್ಟ."

"ಅದಕ್ಕ ಹನ್ನೊಂದು ವರ್ಷ ಕಾನ್ವೆಂಟ್ ಯಾಕ ಬೇಕಿತ್ತು?" ಅಂದ. ಆದರೂ ಮರುದಿನದಿಂದ ವರ್ಷದ ಪಾಸು ಮಾಡಿಸಿಕೊಡುತ್ತೇನೆಂದು ತಾನಾಗಿ ಹೇಳಿದ.

ಅವ್ವ ಊಟಕ್ಕೆ ಕರೆದಳು. ಕಾಯಂ ಆದ ಮಗಳು ಅಂತ ಎರಡು ಬಿಸಿ ರೊಟ್ಟಿ ಹಾಕಿದಳು, ಮೇಲೆ ಬೆಣ್ಣೆ. ಅವು ಮುಗಿದ ಮೇಲೆ ಮೂರನೆಯದು ಹಿಡಿದುಕೊಂಡು ಬಂದಳು.

"ಸಾಕವಾ," ಅಂದೆ.

ಅವ್ವನಿಗೆ ಕೇಳಿಸಲಿಲ್ಲ. ಹಾಕಿ ಹೋದಳು.